ಕೋಟೆಯೊಳಗಿನ ಹೆಣ್ಣುಮಕ್ಕಳು

ಕೋಟೆಯ ಚರಿತ್ರೆಯನ್ನು ಬರೆಯಲು ಕುಳಿತವರು ಮೊದಲು ಅದರ ಬುರುಜುಗಳನ್ನು ಎಣಿಸುತ್ತಾರೆ. ಬಳಿಕ ತೋಪುಗಳನ್ನು, ಆಮೇಲೆ ಮುತ್ತಿಗೆಯ ದಿನಗಳನ್ನು. ಒಳಗೆ ಅಡಿಗೆ ಮಾಡಿದವರಾರು, ನೀರು ಹೊತ್ತವರಾರು, ಕೋಟೆ ಬಿದ್ದ ಮೇಲೆ ಅವರ ಪಾಡೇನಾಯಿತು ಎಂಬ ಪ್ರಶ್ನೆ ಏಳುವುದೇ ಅಪರೂಪ. ನರಗುಂದ, ರೋಣ, ಗಜೇಂದ್ರಗಡಗಳ ಸೀಮೆಯನ್ನು ಈ ವಾರ ಆ ಪ್ರಶ್ನೆಯೊಡನೆ ನೋಡೋಣ.

ಟೀಪೂ ಸುಲ್ತಾನನ ಸೈನ್ಯವು 1785ರಲ್ಲಿ ನರಗುಂದವನ್ನು ಹಿಡಿಯಿತು. ಅಲ್ಲಿನ ಒಡೆಯ ವೆಂಕಟರಾವ್ ಭಾವೆ, ಅವನ ಕಾರಭಾರಿ ಕಾಳೋಪಂತ ಪೇಠೆ ಇಬ್ಬರೂ ಸೆರೆಯಾದರು. ಇವರ ಹೆಸರುಗಳು ಮರಾಠಿ, ಇಂಗ್ಲಿಷ್ ಚರಿತ್ರೆಗಳೆರಡರಲ್ಲಿಯೂ ಸ್ಪಷ್ಟವಾಗಿ ಉಳಿದಿವೆ. 1826ರಲ್ಲಿ ಮರಾಠರ ಇತಿಹಾಸವನ್ನು ಪ್ರಕಟಿಸಿದ ಗ್ರಾಂಟ್ ಡಫ್ ಇನ್ನೊಂದು ಸಂಗತಿಯನ್ನೂ ಬರೆದಿದ್ದಾನೆ: ವೆಂಕಟರಾಯನ ಮಗಳನ್ನು ಸುಲ್ತಾನನ ಜನಾನಕ್ಕೆಂದು ತೆಗೆದಿರಿಸಿದರಂತೆ. ಅಷ್ಟೇ. ಆಕೆಯ ಹೆಸರಿಲ್ಲ, ವಯಸ್ಸಿಲ್ಲ, ಮುಂದಿನ ಕಥೆಯಿಲ್ಲ. ಬರೆದವನು ಕಂಪನಿಯ ಸೇನೆಯ ಅಧಿಕಾರಿ, ಬರೆದದ್ದು ನಾಲ್ವತ್ತು ವರ್ಷಗಳ ಮೇಲೆ. ಆದುದರಿಂದ ಆ ಮಾತನ್ನು ತೂಗಿ ನೋಡಿಯೇ ಒಪ್ಪಬೇಕು. ತೂಗಲು ಆ ಹುಡುಗಿಯದೇ ಆದ ಒಂದು ಮಾತೂ ನಮಗೆ ದೊರೆಯದು. 1787ರಲ್ಲಿ ಗಜೇಂದ್ರಗಡದ ಒಪ್ಪಂದವಾಯಿತು. ಬಾದಾಮಿ, ಕಿತ್ತೂರು, ನರಗುಂದಗಳು ಮರಾಠರಿಗೆ ಮರಳಿದುವೆಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಕೋಟೆಗಳು ಮರಳಿದುವು, ಮಗಳ ಮಾತನ್ನು ಯಾರೂ ಎತ್ತಲಿಲ್ಲ.

ಹೆಂಗಸರ ಹೆಸರನ್ನು ಮರೆಯುವುದು ಹಳೆಯ ಕಾಲದ ರೂಢಿ ಎಂದು ಸಮಾಧಾನಪಡುವಂತೆಯೂ ಇಲ್ಲ. ಇದೇ ರೋಣದ ಸೀಮೆಯ ಸೂಡಿಗೆ ಹೋಗಿ ನೋಡಿ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯರ ರಾಜಕುಮಾರಿ ಅಕ್ಕಾದೇವಿ ಕಿಸುಕಾಡು ಎಪ್ಪತ್ತನ್ನು ಆಳಿದಳು. ಆಕೆಯ ದತ್ತಿ, ಆಕೆಯ ಆಡಳಿತ, ‘ಗುಣದ ಬೆಡಂಗಿ’ ಎಂಬ ಆಕೆಯ ಬಿರುದು ಎಲ್ಲವೂ ಕಲ್ಲಿನ ಮೇಲಿವೆ. ಗೋಕಾಗೆಯ ಕೋಟೆಗೆ ಆಕೆ ಮುತ್ತಿಗೆ ಹಾಕಿದ್ದನ್ನೂ ಶಾಸನ ಹೇಳುತ್ತದೆ. ಏಳೂಮುಕ್ಕಾಲು ಶತಮಾನ ಕಳೆದು, ಕಾಗದ ಹೇರಳವಾದ ಕಾಲದಲ್ಲಿ, ನರಗುಂದದ ಮಗಳಿಗೆ ಒಂದು ಹೆಸರೂ ದಕ್ಕಲಿಲ್ಲ. ಅಕ್ಕಾದೇವಿ ತಾನೇ ಶಾಸನ ಹಾಕಿಸಬಲ್ಲ ಸ್ಥಾನದಲ್ಲಿದ್ದಳು. ಈಕೆಯ ವಿಷಯವನ್ನು ಬರೆದವರೆಲ್ಲ ಬೇರೆಯವರು.

1858ರಲ್ಲಿ ನರಗುಂದ ಮತ್ತೊಮ್ಮೆ ಉರಿಯಿತು. ದತ್ತಕಕ್ಕೆ ಅನುಮತಿ ದೊರೆಯದೆ ನೊಂದಿದ್ದ ಬಾಬಾಸಾಹೇಬ ಭಾಸ್ಕರರಾವ್ ಭಾವೆ ದಂಗೆಯೆದ್ದ. ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್‌ಸನ್ ಹತನಾದ. ಕೆಲವೇ ದಿನಗಳಲ್ಲಿ ಕೋಟೆ ಬಿತ್ತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲಾಯಿತು. ಅವನ ತಾಯಿ ಯಮುನಾಬಾಯಿ, ಪತ್ನಿ ಸಾವಿತ್ರೀಬಾಯಿ ಇಬ್ಬರೂ ಮಲಪ್ರಭೆಗೆ ಹಾರಿ ಪ್ರಾಣ ನೀಗಿದರೆಂದು ನಾಡು ನೆನೆಯುತ್ತದೆ. ಈ ಸಲ ಹೆಸರುಗಳಾದರೂ ಉಳಿದುವು. ಆದರೆ ಹೊಳೆಯ ದಡದಲ್ಲಿ ಅತ್ತೆ ಸೊಸೆಗೆ ಏನೆಂದಳು, ಸೊಸೆ ಅತ್ತೆಗೆ ಏನೆಂದಳು? ನಾವು ಅವರ ಸಾವನ್ನು ಕೊಂಡಾಡುತ್ತೇವೆ. ಬದುಕಿದ್ದಾಗ ಅವರು ಆಡಿದ ಮಾತು ನಮಗೆ ಬೇಕೆನಿಸಿತೇ?

ಅರಮನೆಯವರ ಗತಿಯೇ ಹೀಗಾದರೆ ಬಡವರ ಮನೆಯ ಮಾತೇನು? ಇಲ್ಲಿ ನಮ್ಮ ನೆರವಿಗೆ ಬರುವುದು ಲಾವಣಿ. ನರಗುಂದದ ದಂಗೆಗೆ ಆರು ತಿಂಗಳು ಮೊದಲು, 1857ರ ನವೆಂಬರದಲ್ಲಿ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು. ಊರಿಗೆ ಬೆಂಕಿ ಬಿತ್ತು. ಹತ್ತೊಂಬತ್ತು ಮಂದಿ ಗಲ್ಲಿಗೇರಿದರು. ಆ ಘಟನೆಯ ಲಾವಣಿ ಲೂಟಿಯಾದ ವಸ್ತುಗಳನ್ನು ಒಂದೊಂದಾಗಿ ಹೆಸರಿಸುತ್ತದೆ: ಮೊಸರು, ಬೆಣ್ಣೆ, ಅರಿಸಿನ, ಜೀರಿಗೆ, ಬೆಲ್ಲ, ಗಂಗಾಳ, ಮಂಗಳಸೂತ್ರ, ಬೀಸುವ ಕಲ್ಲು. ಯಾವ ಸೇನಾಪತಿಯ ವರದಿಯಲ್ಲಿ ಬೀಸುವ ಕಲ್ಲಿಗೆ ಸ್ಥಳವುಂಟು? ಮನೆ ಕಳೆದುಕೊಂಡ ಹೆಂಗಸಿನ ಲೆಕ್ಕ ಇದು. ಬ್ರಿಟಿಷ್ ಸರ್ಕಾರದ ಅಧಿಕಾರಿಯೇ ಆಗಿದ್ದ ಜೆ. ಎಫ್. ಫ್ಲೀಟ್ ಇಂಥ ಕನ್ನಡ ಲಾವಣಿಗಳನ್ನು ಸಂಗ್ರಹಿಸಿ 1885ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದ. ಹಾಡಿನ ಕೊನೆಗೆ ಬರುವುದು ಗದಗಿನ ಬಳಿಯ ಕುರ್ತಕೋಟಿಯ ಕಲ್ಮೇಶನ ಅಂಕಿತ. ದೇವರ ಹೆಸರಿದೆ, ಕಟ್ಟಿದವನ ಹೆಸರಿಲ್ಲ!

ದೂರದ ಐರ್ಲೆಂಡಿನಲ್ಲಿ 1641ರ ದಂಗೆಯಾದ ಮೇಲೆ ನೊಂದವರ ಹೇಳಿಕೆಗಳನ್ನು ಬರೆದುಕೊಂಡರು. ಸುಮಾರು ಎಂಟು ಸಾವಿರ ಹೇಳಿಕೆಗಳು ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿವೆ. ವಿಧವೆಯರು ತಮ್ಮ ಕಳೆದುಹೋದ ದನಕರು, ಬಟ್ಟೆಬರೆಗಳನ್ನು ಹೇಳಿ ಬರೆಸಿದ್ದಾರೆ. ಬಹುಮಟ್ಟಿಗೆ ಅವು ಪ್ರಾಟೆಸ್ಟೆಂಟರ ಮಾತು. ಎದುರು ಪಕ್ಷದ ಕ್ಯಾಥೊಲಿಕರ ಅಳಲು ಅಲ್ಲಿ ಅಲ್ಪ. ಆದರೂ ಆ ದೇಶದ ವಿದ್ವಾಂಸರು ಆ ಕಾಗದಗಳಲ್ಲಿ ಸಾಮಾನ್ಯರ ದನಿಯನ್ನು ಹುಡುಕುತ್ತಿದ್ದಾರೆ. ನಮ್ಮ ಹೆಂಗಸರ ಹೇಳಿಕೆಯನ್ನು ಯಾವ ಗುಮಾಸ್ತನೂ ಬರೆದುಕೊಳ್ಳಲಿಲ್ಲ. ಹಾಡೇ ನಮಗೆ ದಫ್ತರ.

ಹಾಡು ಹೇಳಿದ್ದೆಲ್ಲ ನಿಜವೆಂದಲ್ಲ. ತಾರೀಖನ್ನು ಶಾಸನದಿಂದಲೂ ಸರ್ಕಾರಿ ಕಾಗದದಿಂದಲೂ ತಿಳಿಯಬೇಕು; ನೋವನ್ನು ಹಾಡಿನಿಂದ ತಿಳಿಯಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಓದಿದರೆ ಅರ್ಧ ಚರಿತ್ರೆಯೇ ಆಗುತ್ತದೆ.

ಓದುಗರ ಮನೆಗಳಲ್ಲಿ ಬೀಸುವಾಗ, ಕುಟ್ಟುವಾಗ ಕಲಿತ ಹಾಡುಗಳನ್ನು ಇನ್ನೂ ಬಲ್ಲ ಹಿರಿಯರಿರಬಹುದು. ಈ ಭಾನುವಾರ ಅವರ ಬಳಿ ಕುಳಿತು ಬರೆದುಕೊಳ್ಳಿ. ಹಾಡನ್ನು ತಿದ್ದಬೇಡಿ. ಅಡಿಯಲ್ಲಿ ಊರು, ತಾರೀಖುಗಳ ಜೊತೆಗೆ ಹಾಡಿದಾಕೆಯ ಹೆಸರನ್ನೂ ತಪ್ಪದೆ ಬರೆಯಿರಿ.