ವಯಸ್ಸಿನ ಮೇಲೆ ತಪ್ಪು ಹೊರಿಸಬೇಡಿ

ಮನೇಲಿ ಅತ್ತೆ ಕಾಲು ಸುಟ್ಕೊಂಡ್ರೆ ‘ವಯಸ್ಸಾಯ್ತು, ಗ್ಯಾನ ಇರಲ್ಲ’ ಅಂತಾರಲ್ಲ, ಅದು ನ್ಯಾಯವಲ್ಲ ಕಣ್ರಮ್ಮ. ಬಕೀಟಿಗೆ ಬರೀ ಸುಡುನೀರು ಬಿಟ್ಟು, ತಣ್ಣೀರು ಬೆರೆಸ್ಕೊಳ್ಳಿ ಅಂತ ಹೋಗೋರು ಮನೆಯೋರೇ ತಾನೆ? 60 ಡಿಗ್ರಿ ನೀರು 5 ಸೆಕೆಂಡಲ್ಲೇ ಸುಡ್ತೈತೆ. ವಯಸ್ಸಾದೋರ ಚರ್ಮ ತೆಳು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿದ್ರೆ ಬಿಸಿಯೂ ಗೊತ್ತಾಗಲ್ಲ.

ಗುಬ್ಬಿ, ಕುಣಿಗಲ್ ಕಡೆ ತೆಂಗಿನ ಗರಿ ಉರಿಸೋ ಹಂಡೆಯಾಗ್ಲಿ, ತುಮಕೂರಿನ ಗೀಸರ್ರಾಗ್ಲಿ, ಮೊದ್ಲು ತಣ್ಣೀರು, ಆಮೇಲೆ ಬಿಸಿನೀರು. ನಮ್ಮ ಮೊಣಕೈ ಅದ್ದಿ ಹದ ನೋಡಿದ ಮೇಲೇ ಅವರನ್ನ ಕರೀಬೇಕು.

ಸುಟ್ರೆ ಟೂತ್‌ಪೇಸ್ಟ್ ಮೆತ್ತಬೇಡಿ. 20 ನಿಮಿಷ ನಲ್ಲಿ ತಣ್ಣೀರು ಬಿಟ್ಟು, ಆಸ್ಪತ್ರೆಗೆ ಕರ್ಕೊಂಡೋಗಿ.

ಕೂಸಿಗೆ ನೀರಿನ ಹದ ನೋಡೋ ಕೈಗೆ, ನಮಗೆ ನೀರೆರೆದು ಬೆಳೆಸಿದೋರಿಗೆ ನೋಡೋಕೆ ಏನು ಭಾರ?