ಕೊರಳಪಟ್ಟಿ ನೋಡಿದಿರಾ?
ಕೆಂಭಾವಿಗೆ ಕಡಲು ಬಲು ದೂರ. ಆದರೂ ಕಡಲಂಚಿನಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವವರ ಕೆಲಸಕ್ಕೂ ಈ ಸುರಪುರ ಸೀಮೆಗೂ ನಂಟಿದೆ. ತಮಿಳುನಾಡಿನ ಕೋಡಿಕ್ಕರೈಯಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ದಶಕಗಳಿಂದ ಉಂಗುರ ತೊಡಿಸುತ್ತ ಬಂದಿದೆ. ಸಲೀಂ ಅಲಿಯವರ ಮುಂದಾಳತ್ವದಲ್ಲಿ 1959ರಲ್ಲಿ ಶುರುವಾದ ವಲಸೆ ಅಧ್ಯಯನ ಅದರ ಬುನಾದಿ. ಇಂಥ ಶಿಬಿರದಲ್ಲಿ ನಿದ್ದೆಗೆ ಬೆಲೆಯಿಲ್ಲ. ನಸುಕಿಗೇ ಎದ್ದು ಕಣ್ಣಿಗೆ ಕಾಣದಷ್ಟು ನವಿರಾದ ಬಲೆ ಬಿಚ್ಚಬೇಕು, ಮತ್ತೆ ಮತ್ತೆ ಹೋಗಿ ನೋಡಬೇಕು, ಸಿಕ್ಕಿಕೊಂಡ ಹಕ್ಕಿಯ ಕಾಲು, ರೆಕ್ಕೆ, ಕೊರಳು ಒಂದೊಂದಾಗಿ ಬಿಡಿಸಿ ಬಟ್ಟೆಚೀಲಕ್ಕೆ ಹಾಕಬೇಕು. ಒಬ್ಬರು ಉಂಗುರದ ಸಂಖ್ಯೆ, ರೆಕ್ಕೆಯ ಉದ್ದ, ತೂಕ ಕೂಗಿ ಹೇಳಿದರೆ ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಹಕ್ಕಿ ಹಾರಿದ ಮೇಲೆ ಅಂಕಿ ತಿದ್ದಲು ಬರುವುದಿಲ್ಲ. ಹಾಗಾಗಿ ಶಿಬಿರದ ದೊಡ್ಡ ಮನುಷ್ಯ, ನನ್ನ ಲೆಕ್ಕದಲ್ಲಿ, ಆ ಬರೆಯುವವನೇ. ಹೆಬ್ಬಾತಿನಂಥ ದೊಡ್ಡ ಹಕ್ಕಿಗೆ ದೂರದಿಂದಲೇ ಓದಬಹುದಾದ ಕೊರಳಪಟ್ಟಿಯನ್ನೂ ಹಾಕುತ್ತಾರೆ. ಮಂಗೋಲಿಯಾದಲ್ಲಿ ಪಟ್ಟಿ ತೊಟ್ಟ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ನಂಜನಗೂಡು ಬಳಿಯ ಹದಿನಾರು ಎಂಬ ಊರಿನ ಕೆರೆಯಲ್ಲಿ ಕಾಣಿಸಿಕೊಂಡಿವೆ. ಅದೇ ಜಾತಿಯ ಹೆಬ್ಬಾತು ಚಳಿಗಾಲಕ್ಕೆ ನಮ್ಮ ಬೋನಾಳ ಕೆರೆಗೂ ಬರುತ್ತದೆ. ಕೆಂಭಾವಿಯಿಂದ ಬೈನಾಕ್ಯುಲರ್ ಹಿಡಿದು ಹೊರಡುವ ಹುಡುಗರು ಬರೀ ತಲೆ ಎಣಿಸದೆ ಕೊರಳನ್ನೂ ನೋಡಲಿ. ಪಟ್ಟಿಯ ಬಣ್ಣ, ಅಕ್ಷರ, ತಾರೀಖು ಬರೆದು ಸೊಸೈಟಿಗೆ ಕಳಿಸಲಿ.