ಗುರ್ಜಿ ಹಾಡು ಯಾವ ಪ್ಲೇಲಿಸ್ಟಿನಲ್ಲಿದೆ?

ನಮ್ಮ ಕನ್ನಡ ಸಂಘದಿಂದ ವಾರಕ್ಕೊಂದು ಗಂಟೆ ಹಾಡಿನ ರೇಡಿಯೊ ಕಾರ್ಯಕ್ರಮ ಶುರು ಮಾಡೋಣ ಅನ್ನೋ ಮಾತು ಈ ಸೆಮಿಸ್ಟರಿನಲ್ಲಿ ಜೋರಾಗಿ ನಡೆದಿದೆ. ವಾರಕ್ಕೊಂದು ವಿಷಯ, ಆ ವಿಷಯಕ್ಕೆ ಹತ್ತು ಹಾಡು, ನಡುನಡುವೆ ನಿರೂಪಕರ ಮಾತು. ಸದ್ಯಕ್ಕೆ ಇಂಟರ್ನೆಟ್ಟಿನಲ್ಲಿ, ಮುಂದೆ ಅನುಕೂಲವಾದರೆ ಕ್ಯಾಂಪಸ್ ರೇಡಿಯೊದಲ್ಲಿ. ಮಳೆ, ಅಮ್ಮ, ಗೆಳೆತನ, ಪ್ರಯಾಣ ಅಂತ ವಿಷಯಗಳ ಪಟ್ಟಿಯೂ ವಾಟ್ಸಾಪ್ ಗುಂಪಿನಲ್ಲಿ ಓಡಾಡುತ್ತಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಿಂದ ಬಂದು ಇಲ್ಲಿ ಓದುತ್ತಿರುವ ನಾವು ಕೆಲವರು ಈ ಕಾರ್ಯಕ್ರಮದ ಪರವಾಗಿಯೇ ಇದ್ದೇವೆ. ಆದರೆ ಆ ಪಟ್ಟಿ ಹಾಗೆಯೇ ಜಾರಿಗೆ ಬರಬಾರದು ಅನ್ನೋದು ನಮ್ಮ ಅಭಿಪ್ರಾಯ. ಯಾಕೆ ಅಂತ ಹೇಳ್ತೀವಿ, ಸ್ವಲ್ಪ ಕೇಳ್ರಿ.

ಮೊದಲ ವಾರಕ್ಕೆ ಎಲ್ಲರೂ ಒಪ್ಪಿರುವ ವಿಷಯ ಮಳೆ. ಹತ್ತು ಕನ್ನಡ ಮಳೆ ಹಾಡು ಬರೆದುಕೊಡಿ ಅಂದರೆ ನಮ್ಮಲ್ಲಿ ಯಾರಾದರೂ ಹತ್ತು ನಿಮಿಷದಲ್ಲಿ ಬರೆದುಕೊಡ್ತಾರೆ. 2006ರ ಕೊನೆಯಲ್ಲಿ ಬಂದ ಯೋಗರಾಜ್ ಭಟ್ಟರ ‘ಮುಂಗಾರು ಮಳೆ’ ಆದ ಮೇಲಂತೂ ಮಳೆ ಹಾಡಿಗೆ ಬರವೇ ಇಲ್ಲ. ಆದರೆ ಆ ಸಿನಿಮಾದ ಮಳೆ ಕೊಡಗಿನದು, ಸಕಲೇಶಪುರದ್ದು, ಜೋಗದ್ದು. ಅಲ್ಲಿ ಮಳೆ ಬಂದೇ ಬರುತ್ತದೆ. ಬಂದ ಮೇಲೆ ಇಬ್ಬರ ಮನಸ್ಸಿನಲ್ಲಿ ಏನಾಯಿತು ಅನ್ನೋದು ಹಾಡು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಸುರಿಯುವ ಮಳೆ ನಮ್ಮ ಕಡೆ 600ರ ಆಸುಪಾಸು ಬಿದ್ದರೆ ದೊಡ್ಡದು. ಹಾಗಾಗಿ ನಮ್ಮ ಕಡೆಯ ಮಳೆ ಹಾಡು ಮಳೆ ಬರೋದಕ್ಕೆ ಮುಂಚೆಯೇ ಹುಟ್ಟುತ್ತದೆ. ಮಳೆ ಕೈಕೊಟ್ಟ ವರ್ಷ ಹುಡುಗರು ರೊಟ್ಟಿ ಹೆಂಚಿನ ಮೇಲೆ ಗುರ್ಜಿ ಮಾಡಿ, ಗರಿಕೆ ಸಿಕ್ಕಿಸಿ, ಒಬ್ಬನ ತಲೆ ಮೇಲೆ ಹೊರಿಸಿ ಮನೆ ಮನೆಗೆ ಹೋಗ್ತಾರೆ. ಮನೆಯವರು ಗುರ್ಜಿ ಮೇಲೆ ಕೊಡದಿಂದ ನೀರು ಸುರೀತಾರೆ, ಹೊತ್ತವನು ಗಿರಗಿರ ತಿರುಗ್ತಾನೆ, ಜೊತೆಗಿದ್ದವರು ಮಳೆರಾಯನನ್ನು ಕರೆದು ಹಾಡ್ತಾರೆ. ಕುಡಿಯೋ ನೀರಿಗೇ ತತ್ವಾರ ಇರುವಾಗಲೂ ಆ ಒಂದು ಕೊಡ ನೀರನ್ನು ಯಾರೂ ಇಲ್ಲ ಅನ್ನಲ್ಲ.

ಈ ಹಾಡು ನಮ್ಮ ಹತ್ತರಲ್ಲಿ ಎಲ್ಲಿದೆ? ಮರೆವಿನಿಂದ ಬಿಟ್ಟುಹೋದದ್ದಲ್ಲ ಅದು. ನಮ್ಮ ಊರಿನವರು ಹಾಡುವ ರೀತಿಯಲ್ಲಿ ಅದನ್ನು ಯಾರೂ ಧ್ವನಿಮುದ್ರಣ ಮಾಡಿ ಇಟ್ಟಿಲ್ಲ, ಅದಕ್ಕೇ ಅದು ಪಟ್ಟಿಗೆ ಬರಲಿಲ್ಲ. ಪ್ಲೇಲಿಸ್ಟ್ ಮಾಡೋದು ಅಂದರೆ ಇರೋದರಲ್ಲಿ ಆರಿಸೋದು. ಸ್ಪಾಟಿಫೈ, ಯೂಟ್ಯೂಬ್ ಮಾಡೋದೂ ಅದನ್ನೇ, ನಮಗಿಂತ ಬೇಗ, ನಮಗಿಂತ ಚೆನ್ನಾಗಿ. ನಾವು ಕೇಳಿದ್ದನ್ನೂ ನಮ್ಮಂಥವರು ಕೇಳಿದ್ದನ್ನೂ ನೋಡಿ ಮುಂದಿನ ಹಾಡು ಕೊಡುತ್ತವೆ. ಅಪ್‌ಲೋಡ್ ಆಗದೇ ಇರುವ ಹಾಡನ್ನು ಮಾತ್ರ ಅವು ಕೊಡಲಾರವು. ಆಪ್ ಮಾಡುವ ಕೆಲಸವನ್ನೇ ನಾವು ವಾರಕ್ಕೊಮ್ಮೆ ನಿಧಾನವಾಗಿ ಮಾಡೋದಾದರೆ ಈ ಕಾರ್ಯಕ್ರಮ ಯಾಕೆ ಬೇಕು? ಆಪ್ ಮಾಡಲಾರದ ಕೆಲಸ ಒಂದಿದೆ. ವಿಷಯವನ್ನು ನಮ್ಮ ನೆಲದಿಂದ ಶುರು ಮಾಡಿ, ಆಗ ಪಟ್ಟಿಯಲ್ಲಿ ಎಲ್ಲಿ ಖಾಲಿ ಬೀಳುತ್ತದೆ ಅಂತ ನೋಡಿ, ಆ ಖಾಲಿ ತುಂಬುವ ಹಾಡನ್ನು ಹೋಗಿ ಹುಡುಕಿ ತರೋದು.

ಉಳಿದ ವಿಷಯಗಳನ್ನೂ ಹೀಗೇ ಒರೆಗೆ ಹಚ್ಚಿ ನೋಡ್ರಿ. ‘ಅಮ್ಮ’ ಅಂದರೆ ಸಿನಿಮಾದಲ್ಲಿ ಬಹುಪಾಲು ಮಗ ತಾಯಿಯನ್ನು ನೆನೆದು ಹಾಡುತ್ತಾನೆ. ಬೀಸುವ ಕಲ್ಲಿನ ಮುಂದೆ ಹಾಡಿದವಳು ಮಗಳು. ಕೊಟ್ಟ ಮನೆಯಲ್ಲಿ ಕೂತು, ನಸುಕಿನಲ್ಲಿ ಜೋಳ ಬೀಸುತ್ತಾ, ತವರನ್ನೂ ಹಡೆದವ್ವನನ್ನೂ ನೆನೆದವಳು. ಊರಿಗೆ ಕರೆಂಟಿನ ಗಿರಣಿ ಬಂತು, ಬೀಸುವ ಕಲ್ಲು ಹಿತ್ತಲು ಸೇರಿತು. ಕೆಲಸ ನಿಂತಾಗ ಹಾಡಿಗೆ ಇದ್ದ ಹೊತ್ತೂ ಹೋಯಿತು. ಗಿರಣಿ ಬಂದದ್ದು ಒಳ್ಳೆಯದೇ, ಅವ್ವಂದಿರ ರಟ್ಟೆ ಉಳಿಯಿತು. ಆದರೆ ಆ ಹಾಡು ಗೊತ್ತಿರುವ ಕೊನೆಯ ತಲೆಮಾರು ಈಗ ಎಪ್ಪತ್ತು, ಎಂಬತ್ತು ದಾಟಿದೆ.

‘ಪ್ರಯಾಣ’ದ ಕತೆಯೂ ಅಷ್ಟೇ. ಸಿನಿಮಾ ಹಾಡಿನಲ್ಲಿ ಬೈಕು, ಘಾಟಿ, ಮಂಜು. ನಮ್ಮ ತಾಲ್ಲೂಕುಗಳಲ್ಲಿ ಪ್ರಯಾಣಕ್ಕೆ ಇನ್ನೊಂದು ಹೆಸರು ಗುಳೆ. ಸುಗ್ಗಿ ಮುಗಿದ ಮೇಲೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಮಲೆನಾಡಿನ ಕಾಫಿ ತೋಟಕ್ಕೆ, ಮಂಡ್ಯದ ಕಡೆ ಕಬ್ಬು ಕಡಿಯೋಕೆ ಪಾತ್ರೆ, ಜೋಳದ ಚೀಲ, ಕೂಸು ಕುನ್ನಿ ಎಲ್ಲ ಸಮೇತ ಹೊರಡುವ ಪ್ರಯಾಣ ಅದು. ತಾಂಡಾದ ಜನ ಆ ದಾರಿಯಲ್ಲಿ ತಮ್ಮ ಮಾತಿನಲ್ಲೇ ಹಾಡ್ತಾರೆ. ಆ ಹಾಡು ನಮ್ಮ ‘ಪ್ರಯಾಣ’ದ ವಾರದಲ್ಲಿ ಇರಬೇಕೋ ಬೇಡವೋ? ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಲಂಬಾಣಿ ಹಾಡು ಯಾಕೆ ಅಂತ ಕೇಳುವವರಿಗೆ ನಮ್ಮ ಉತ್ತರ ಇಷ್ಟೇ: ಹಾಡಿನ ಅರ್ಥವನ್ನು ಕನ್ನಡದಲ್ಲಿ ಹೇಳೋದಕ್ಕೇ ನಿರೂಪಕರು ಇರೋದು. ಮೊಹರಂ ದಿನ ಅಲಾಯಿ ಕುಣಿಯ ಸುತ್ತ ಕನ್ನಡದಲ್ಲೇ ರಿವಾಯತ್ ಪದ ಹಾಡುವ ಊರುಗಳು ನಮ್ಮವು. ನಮ್ಮಲ್ಲಿ ಭಾಷೆ, ಜಾತಿ, ದೇವರು ಬೇರೆ ಬೇರೆ ಕಪಾಟಿನಲ್ಲಿ ಕೂತಿಲ್ಲ.

ಈ ಮಾತನ್ನು ಐದು ತಾಲ್ಲೂಕಿನವರೇ ಯಾಕೆ ಎತ್ತಿದ್ದೇವೆ ಅಂದರೆ, ನಾವು ಯಾವಾಗಲೂ ಅಂಚಿನವರು. ಹರಪನಹಳ್ಳಿಯನ್ನು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಸೇರಿಸಿದರು, ಎರಡು ದಶಕದ ಮೇಲೆ ವಾಪಸ್ ಬಳ್ಳಾರಿಗೆ ತಂದರು, 2021ರಲ್ಲಿ ಎಲ್ಲ ಸೇರಿ ವಿಜಯನಗರ ಜಿಲ್ಲೆ ಆಯಿತು. ರೇಡಿಯೊದಲ್ಲೂ ಹಾಗೇ. ಒಂದು ಕಡೆ ಹೊಸಪೇಟೆ ಆಕಾಶವಾಣಿಯ 100.5, ಇನ್ನೊಂದು ಕಡೆ ಚಿತ್ರದುರ್ಗದ 102.6, ದೂರದಿಂದ ಮೀಡಿಯಂ ವೇವ್ 765ರಲ್ಲಿ 1950ರಷ್ಟು ಹಳೆಯ ಧಾರವಾಡ. ಎಫ್‌ಎಂ ಅಲೆ ನೇರ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ಸೊರಗುತ್ತದೆ. ಮೀಡಿಯಂ ವೇವ್ ನೆಲ ಹಿಡಿದು ದೂರ ಬರುತ್ತದೆ, ಆದರೆ ಗರಗರ ಸದ್ದನ್ನೂ ಜೊತೆಗೆ ತರುತ್ತದೆ. ಕೋರಿಕೆ ಕಾರ್ಯಕ್ರಮಕ್ಕೆ ಕಾರ್ಡು ಬರೆದು, ರೇಡಿಯೊ ಮುಂದೆ ಕೂತು ನಮ್ಮ ಹಿರಿಯರು ಕಾದದ್ದು ಹಾಡಿಗಷ್ಟೇ ಅಲ್ಲ. ತಮ್ಮ ಹೆಸರು, ತಮ್ಮೂರಿನ ಹೆಸರು ಗಾಳಿಯಲ್ಲಿ ಬರುತ್ತಾ ಅಂತ ಕಿವಿಗೊಟ್ಟು ಕೂತಿದ್ದರು. ಹಾಡು ಎಲ್ಲ ಕಡೆ ಸಿಗುವ ಈ ಕಾಲದಲ್ಲಿ ಸಿಗದೇ ಇರೋದು ಅದೇ, ನಮ್ಮೂರಿನ ಹೆಸರು.

ಇನ್ನು ನಿರೂಪಣೆ. ವಾರಕ್ಕೊಮ್ಮೆ ಬರುವ ಹಾಡಿನ ಕಾರ್ಯಕ್ರಮ ಅಂದಾಕ್ಷಣ ದೇಶವೇ ನೆನೆಯೋದು ಅಮೀನ್ ಸಯಾನಿ ಅವರನ್ನು. ಮಂತ್ರಿ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ ಆಕಾಶವಾಣಿ ಸಿನಿಮಾ ಹಾಡನ್ನು ದೂರ ಇಟ್ಟಾಗ, ರೇಡಿಯೊ ಸಿಲೋನ್ 1952ರ ಡಿಸೆಂಬರಿನಿಂದ ಬುಧವಾರಗಳಂದು ‘ಬಿನಾಕಾ ಗೀತ್‌ಮಾಲಾ’ ಕೊಟ್ಟು ಕೇಳುಗರನ್ನು ಸೆಳೆಯಿತು. 1957ರಲ್ಲಿ ವಿವಿಧ ಭಾರತಿ ಹುಟ್ಟೋದಕ್ಕೆ ಆ ಪೈಪೋಟಿಯೂ ಒಂದು ಕಾರಣ. ಹಾಡುಗಳು ಎಲ್ಲರವೇ ಆಗಿದ್ದವು, ಜನ ಕಾದದ್ದು ಅವುಗಳನ್ನು ಪೋಣಿಸಿ ಕೊಡುವ ಒಬ್ಬ ಮನುಷ್ಯನ ದನಿಗೆ.

ಆದರೆ ನಮಗೆ ಅದಕ್ಕಿಂತ ಹತ್ತಿರದ ಗುರು ಹಡಗಲಿ ತಾಲ್ಲೂಕಿನಲ್ಲೇ ಇದ್ದಾರೆ. ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲು ಏರುತ್ತಾನೆ. ‘ಸದ್ದಲೇ’ ಅನ್ನುತ್ತಾನೆ. ಲಕ್ಷಗಟ್ಟಲೆ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಒಂದೇ ಒಂದು ಸಾಲು ಕಾರ್ಣಿಕ ನುಡಿಯುತ್ತಾನೆ, ಅಷ್ಟೇ. ಆ ಸಾಲಿನಲ್ಲಿ ಮಳೆ ಇದೆಯಾ, ಬೆಳೆ ಇದೆಯಾ, ರಾಜಕೀಯ ಇದೆಯಾ ಅಂತ ಜನ ವರ್ಷವಿಡೀ ಮಾತಾಡ್ತಾರೆ. ಭವಿಷ್ಯ ನಂಬೋದು ಬಿಡೋದು ಅವರವರಿಗೆ ಬಿಟ್ಟದ್ದು. ಮೈಕಿನ ಮುಂದೆ ಕೂರುವವರು ಕಲಿಯಬೇಕಾದದ್ದು ಬೇರೆ: ಮೊದಲು ಕೇಳುವ ಮೌನ ಬರಲಿ, ಆಮೇಲೆ ಹೇಳೋದು ಕಡಿಮೆ ಇರಲಿ, ಹೇಳಿದ್ದು ಮನೆತನಕ ಹೋಗಲಿ. ಲೆಕ್ಕ ಹಾಕಿದರೂ ಹಾಗೇ ಬರುತ್ತದೆ. ನಾಲ್ಕೂವರೆ ನಿಮಿಷದ ಹತ್ತು ಹಾಡಿಗೆ 45 ನಿಮಿಷ ಹೋದರೆ ಉಳಿಯೋದು 15 ನಿಮಿಷ, ಅಂದರೆ ಹಾಡೊಂದಕ್ಕೆ ಒಂದೂವರೆ ನಿಮಿಷ. ಆ ಒಂದೂವರೆ ನಿಮಿಷದಲ್ಲಿ ‘ಹಾಯ್ ಫ್ರೆಂಡ್ಸ್, ಹೇಗಿದ್ದೀರಾ’ ಅಂತ ಕೂಗೋದಕ್ಕಿಂತ, ಈ ಹಾಡು ಯಾರದು, ಯಾವ ಊರಿನದು, ಯಾವ ಕೆಲಸ ಮಾಡುವಾಗ ಹಾಡುವಂಥದು ಅಂತ ಹೇಳೋದು ಮೇಲು.

‘ಇದೆಲ್ಲ ಹೇಳೋಕೆ ಚಂದ, ಮಾಡೋಕೆ ಆಗಬೇಕಲ್ಲ’ ಅನ್ನುವ ಗೆಳೆಯರಿಗೆ ಎರಡು ಮಾತು. ಒಂದು, ಕಾನೂನು ನಮ್ಮ ದಾರಿಯನ್ನೇ ತೋರಿಸುತ್ತದೆ. ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ, ನಿಗದಿತ ಶುಲ್ಕ ಕಟ್ಟಿ ಹಾಡು ಬಿತ್ತರಿಸುವ ಅವಕಾಶವನ್ನು ರೇಡಿಯೊ ಕೇಂದ್ರಗಳಿಗೆ ಕೊಟ್ಟಿತು. ಅದು ಇಂಟರ್ನೆಟ್ ಸೇವೆಗಳಿಗೆ ಅನ್ವಯಿಸಲ್ಲ ಅಂತ ಬಾಂಬೆ ಹೈಕೋರ್ಟ್ 2019ರಲ್ಲಿ ಹೇಳಿದೆ. ಅಂದರೆ ಸಿನಿಮಾ ಹಾಡನ್ನು ನಮ್ಮ ಪುಟದಲ್ಲಿ ಹಾಕಬೇಕಾದರೆ ಹಕ್ಕು ಇರುವ ಕಂಪನಿಗಳ ಅನುಮತಿ ಬೇಕು. ನಮ್ಮಜ್ಜಿ ಹಾಡುವ ಬೀಸುವ ಪದಕ್ಕೆ ಬೇಕಾದದ್ದು ಅಜ್ಜಿಯ ಅನುಮತಿ. ಅದನ್ನು ಮಾತ್ರ ಕಡ್ಡಾಯ ಕೇಳಬೇಕು, ಹಾಡಿದವರ ಹೆಸರನ್ನು ಅವರು ಬಯಸಿದಂತೆ ಹೇಳಬೇಕು. ‘ಜಾನಪದ, ಸಂಗ್ರಹ’ ಅಂತ ಬರೆದು ಹಾಡಿದವರನ್ನು ಅಳಿಸಿಹಾಕುವ ಹಳೇ ಚಾಳಿ ನಮ್ಮಲ್ಲಿ ಬೇಡ. ಕ್ಯಾಂಪಸ್ಸಿನಲ್ಲಿ ಮುಂದೆ ಸಮುದಾಯ ರೇಡಿಯೊ ಪರವಾನಗಿ ಬಂದರೂ ನಿಯಮ ಇದನ್ನೇ ಹೇಳುತ್ತದೆ: ಕನಿಷ್ಠ ಅರ್ಧದಷ್ಟು ಕಾರ್ಯಕ್ರಮ ಸ್ಥಳೀಯವಾಗಿ ತಯಾರಾಗಿರಬೇಕು.

ಎರಡು, ನಾವು ಎಂಜಿನಿಯರಿಂಗ್ ಓದುತ್ತಿರುವವರು, ಉಪಕರಣದ ನೆಪ ಹೇಳುವ ಹಾಗಿಲ್ಲ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಫ್ಯಾನು ನಿಲ್ಲಿಸಿ, ಹಾಡುವವರಿಂದ ಒಂದೆರಡು ಗೇಣು ದೂರ ಇಟ್ಟರೆ ಸಾಕಷ್ಟು ಶುದ್ಧವಾದ ಧ್ವನಿ ಸಿಗುತ್ತದೆ. ಕುಗ್ಗಿಸದ 16 ಬಿಟ್, 44.1 ಕಿಲೋಹರ್ಟ್ಸ್ ಮೋನೊ ಧ್ವನಿ ಗಂಟೆಗೆ ಸುಮಾರು 318 ಎಂಬಿ. ಅದು ಸಂಗ್ರಹಕ್ಕೆ ಇರಲಿ. ಅದೇ ಗಂಟೆಯನ್ನು 64 ಕೆಬಿಪಿಎಸ್ ಎಂಪಿ3 ಮಾಡಿದರೆ 29 ಎಂಬಿ ಆಗುತ್ತದೆ, ಊರಿನ ವಾಟ್ಸಾಪ್ ಗುಂಪಿಗೆ ಕಳಿಸಬಹುದು. ಹಾಡಿದವರು ತಮ್ಮ ಹಾಡನ್ನು ತಾವೇ ಕೇಳದ ಕಾರ್ಯಕ್ರಮಕ್ಕೆ ಅರ್ಥವಿಲ್ಲ.

ಹಳೇ ಸಿನಿಮಾ ಹಾಡು, ಭಾವಗೀತೆ ಬೇಡ ಅಂತ ನಾವು ಹೇಳ್ತಾ ಇಲ್ಲ. ನಾವೂ ಅವನ್ನೇ ಕೇಳಿ ಬೆಳೆದವರು, ಬೇಕು ಕೂಡ. ಅನುಮತಿ ಸಿಕ್ಕವನ್ನು ಹಾಕೋಣ, ಉಳಿದವನ್ನು ನಮ್ಮ ಗೆಳೆಯರು ಹಾಸ್ಟೆಲಿನಲ್ಲಿ ಹಾಡಿಕೊಂಡು ಖುಷಿಪಡಲಿ. ನಾವು ಕೇಳೋದು ಒಂದೇ ನಿಯಮ: ಪ್ರತಿ ವಾರದ ಹತ್ತರಲ್ಲಿ ಮೂರು ಹಾಡು ಇಲ್ಲಿಯವರೆಗೆ ಯಾವ ಆಪಿನಲ್ಲೂ ಇಲ್ಲದ ಧ್ವನಿಯದಾಗಿರಬೇಕು. ದೊಡ್ಡಾಟದ ಭಾಗವತರದ್ದಿರಲಿ, ಚೌಡಿಕೆ ಹಿಡಿದ ಜೋಗತಿಯದ್ದಿರಲಿ, ಸೋಬಾನೆ ಹೇಳುವ ಪಕ್ಕದ ಮನೆ ಅತ್ತೆಯದ್ದಿರಲಿ. ಜೋಗತಿ ಕಲೆಯನ್ನು ದೇಶಕ್ಕೆ ತೋರಿಸಿ 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿ ಅವರು ನಮ್ಮ ಪಕ್ಕದ ಮರಿಯಮ್ಮನಹಳ್ಳಿಯವರು. ಚಿಗಟೇರಿಯ ಮುದೇನೂರು ಸಂಗಣ್ಣ ಅವರಂಥವರು ಹಳ್ಳಿಯ ಮಾತನ್ನೂ ಪದವನ್ನೂ ಕಿವಿಗೊಟ್ಟು ಕೇಳಿ ಬರೆದಿಟ್ಟರು. ಜೇಬಿನಲ್ಲಿ ರೆಕಾರ್ಡರ್ ಇಟ್ಟುಕೊಂಡು ತಿರುಗುವ ನಮಗೆ ವಾರಕ್ಕೆ ಮೂರು ಹಾಡು ಭಾರ ಆಗಬಾರದು.

ಇದು ಐದು ತಾಲ್ಲೂಕಿನ ಮಾತಷ್ಟೇ ಅಲ್ಲ. ಬೀದರಿನವರು, ಸುಳ್ಯದವರು, ಚಾಮರಾಜನಗರದವರು ಎಲ್ಲರೂ ನಮ್ಮ ಸಂಘದಲ್ಲಿದ್ದಾರೆ. ‘ಮಳೆ’ ಅಂದಾಗ ಅವರವರ ಊರಿನ ಖಾಲಿ ಜಾಗ ಅವರವರಿಗೇ ಗೊತ್ತು. ಮುಂದಿನ ರಜೆಗೆ ಊರಿಗೆ ಹೋಗುವವರು ಒಂದು ಹಾಡು ತನ್ನಿ, ಹಾಡಿದವರ ಒಪ್ಪಿಗೆ ತನ್ನಿ, ಯಾವಾಗ ಹಾಡುತ್ತಿದ್ದರು ಅಂತ ಎರಡು ಸಾಲು ಬರೆದು ತನ್ನಿ. ಮೊದಲ ವಾರದ ವಿಷಯ ಮಳೆಯೇ ಇರಲಿ. ಗುರ್ಜಿ ಹಾಡನ್ನು ನಾವು ತರ್ತೀವಿ.